ನಂಬರ್ ಪ್ಲೇಟಿನ ಮೇಲೊಂದು ದೀಪಸ್ತಂಭ

ಹವ್ಯಾಸಗಳಲ್ಲಿ ಕೆಲವು ಮರ್ಯಾದಸ್ಥ ಹವ್ಯಾಸಗಳು, ಕೆಲವು ಹಾಗಲ್ಲದವು. ಅಂಚೆಚೀಟಿ ಕೂಡಿಡುವವರನ್ನು ಜನ ಗೌರವದಿಂದ ನೋಡುತ್ತಾರೆ. ಹಳೆಯ ನಾಣ್ಯ ಕೂಡಿಡುವವರನ್ನು ವಿದ್ವಾಂಸರೆಂದು ಕರೆಯುತ್ತಾರೆ. ಬೆಂಕಿಪೊಟ್ಟಣದ ಚೀಟಿ ಆರಿಸುವ ಹುಡುಗರನ್ನೂ ವಯಸ್ಸು ನೋಡಿ ಕ್ಷಮಿಸುತ್ತಾರೆ. ಆದರೆ ಬ್ಯಾಂಕಿನಿಂದ ನಿವೃತ್ತನಾಗಿ ಎಪ್ಪತ್ತು ದಾಟಿದ ಗೃಹಸ್ಥನೊಬ್ಬ ಹಳೆಯ ಕಾರುಗಳ ನಂಬರ್ ಪ್ಲೇಟು ಕೂಡಿಡುತ್ತಾನೆ, ಅದರಲ್ಲೂ ದೀಪಸ್ತಂಭದ ಚಿತ್ರವಿರುವ ಪ್ಲೇಟೇ ಬೇಕೆನ್ನುತ್ತಾನೆ ಎಂದರೆ, ಮನೆಗೆ ಬಂದ ನೆಂಟರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಕಾಫಿ ಬೇಗ ಮುಗಿಯುತ್ತದೆ.

ಆ ಗೃಹಸ್ಥ ನಾನೇ. ಮಾದಾಪುರದ ನಮ್ಮ ಫ್ಲ್ಯಾಟಿನ ನಡುಮನೆಯಲ್ಲಿ, ಸಾಧಾರಣವಾಗಿ ಜನ ಕ್ಯಾಲೆಂಡರು ತೂಗುಹಾಕುವ ಗೋಡೆಯ ಮೇಲೆ, ಐದು ತಗಡಿನ ಫಲಕಗಳಿವೆ. ಐದೂ ಅಮೆರಿಕದವು. ಐದರ ಮೇಲೂ ದೀಪಸ್ತಂಭವಿದೆ. ದೀಪಸ್ತಂಭವೆಂದರೆ ದೇವಸ್ಥಾನದ ಎದುರಿಗಿರುವ ಕಲ್ಲಿನ ಕಂಬವಲ್ಲ. ಕಡಲ ತೀರದಲ್ಲಿ ನಿಂತು ಹಡಗುಗಳಿಗೆ ರಾತ್ರಿ ಬೆಳಕು ತೋರಿಸುವ ಗೋಪುರ. ನಮ್ಮ ಕರಾವಳಿಯಲ್ಲಿ ಮೀನು ಮಾರುವ ಮುದುಕಿಯಿಂದ ಮಾಸ್ತರರ ತನಕ ಎಲ್ಲರೂ ಅದನ್ನು ಲೈಟ್‌ಹೌಸ್ ಎಂದೇ ಅನ್ನುವುದು.

ನಮ್ಮ ದೇಶದಲ್ಲಿ ಇಂಥ ಸಂಗ್ರಹ ಮಾಡುವುದು ಸಾಧ್ಯವಿಲ್ಲ. ಇಲ್ಲಿ ನಂಬರ್ ಪ್ಲೇಟಿಗೆ ಚಿತ್ರ ಕೂಡದು. ಸ್ವಂತ ವಾಹನಕ್ಕೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು, ಈಚೆಗೆ ಬ್ಯಾಟರಿಯ ಗಾಡಿಗಳಿಗೆ ಹಸಿರು, ಇಷ್ಟೇ ನಮ್ಮ ಬಣ್ಣಗಾರಿಕೆ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಾ ಫಲಕ ಕಡ್ಡಾಯವಾದ ಮೇಲೆ ಮೂಲೆಯಲ್ಲಿ ಒಂದು ಮಿರುಗುವ ಅಶೋಕ ಚಕ್ರ, ನೀಲಿ ಬಣ್ಣದ ಮೂರು ಇಂಗ್ಲಿಷ್ ಅಕ್ಷರ, ಲೇಸರಿನಿಂದ ಕೊರೆದ ಒಂದು ಗುಪ್ತಸಂಖ್ಯೆ ಬಂದಿವೆ. ಕಳ್ಳರನ್ನು ಹಿಡಿಯಲು ಇದು ಒಳ್ಳೆಯದೇ. ಗೋಡೆಗೆ ತೂಗುಹಾಕಲು ಏನೇನೂ ಸ್ವಾರಸ್ಯವಿಲ್ಲ.

ಅಮೆರಿಕದ ರೀತಿ ಬೇರೆ. ಅಲ್ಲಿ ಒಂದೊಂದು ರಾಜ್ಯವೂ ತನ್ನ ಫಲಕವನ್ನು ತಾನೇ ಅಚ್ಚು ಹಾಕಿಸುತ್ತದೆ. ಅಳತೆ ಮಾತ್ರ ಎಲ್ಲ ಕಡೆಯೂ ಒಂದೇ, 12 ಅಂಗುಲ ಉದ್ದ, 6 ಅಂಗುಲ ಅಗಲ. ಸಾದಾ ಫಲಕ ಬೇಡವೆನ್ನುವವರು ಸ್ವಲ್ಪ ಹೆಚ್ಚು ಹಣ ಕೊಟ್ಟು ಚಿತ್ರದ ಫಲಕ ತೆಗೆದುಕೊಳ್ಳಬಹುದು. ಆ ಹೆಚ್ಚುವರಿ ಹಣ ಒಂದು ಸತ್ಕಾರ್ಯಕ್ಕೆ ಹೋಗುತ್ತದೆ: ಕಾಡಿಗೆ, ಹಕ್ಕಿಗಳಿಗೆ, ಆಸ್ಪತ್ರೆಗೆ, ಕೆಲವು ಕಡೆ ಹಳೆಯ ದೀಪಸ್ತಂಭಗಳ ರಿಪೇರಿಗೆ. ನಂಬರ್ ಪ್ಲೇಟು ಸಂಗ್ರಹಿಸುವವರದೇ ಒಂದು ಸಂಘ ಅಲ್ಲಿ 1954ರಿಂದಲೂ ಇದೆ ಎಂದು ತಿಳಿದಾಗ, ನನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆಂದು ನನಗೆ ಧೈರ್ಯ ಬಂತು.

ಈ ಗೀಳು ಹತ್ತಿದ್ದು 2016ರಲ್ಲಿ. ಮಗಳು ಅಳಿಯ ಮಿಶಿಗನ್ನಿನಲ್ಲಿದ್ದಾರೆ. ಅವರೊಂದಿಗೆ ತರಕಾರಿ ತರಲು ಹೋಗಿದ್ದೆ. ಅಂಗಡಿಯ ಮುಂದೆ ನಿಂತ ಒಂದು ಕಾರಿನ ಹಿಂದೆ ಕೆಂಪು ಬಿಳಿ ಪಟ್ಟೆ ಸುರುಳಿ ಸುತ್ತಿದ ಗೋಪುರದ ಚಿತ್ರ! ಊರು ಬಿಟ್ಟು ಹತ್ತು ಸಾವಿರ ಮೈಲಿ ಬಂದವನಿಗೆ ಪರಿಚಯದವರು ಸಿಕ್ಕಂತಾಯಿತು. ಅಳಿಯನನ್ನು ಕೇಳಿದೆ. "ಮಾವ, ಅದು ವೈಟ್ ಶೋಲ್ ಲೈಟ್‌ಹೌಸು. ಮಿಶಿಗನ್ ಸರೋವರದ ನಡುವೆ ಇದೆ" ಎಂದರು. 1910ರಲ್ಲಿ ಕಟ್ಟಿದ್ದು. ಸರೋವರದಲ್ಲಿ ದೀಪಸ್ತಂಭವೇ ಎಂದು ನಾನು ನಕ್ಕೆ. ಆ ಸರೋವರದ ದಡದಲ್ಲಿ ನಿಂತ ಮೇಲೆ ನಗು ನಿಂತಿತು. ಆಚೆ ದಡ ಕಾಣುವುದಿಲ್ಲ. ಅಮೆರಿಕದ ರಾಜ್ಯಗಳ ಪೈಕಿ ಅತಿ ಹೆಚ್ಚು ದೀಪಸ್ತಂಭಗಳಿರುವುದು ಕಡಲೇ ಇಲ್ಲದ ಈ ಮಿಶಿಗನ್ನಿನಲ್ಲಿ ಎಂದರೆ ನಂಬುತ್ತೀರಾ? ನಾವಾದರೋ ಹುಸೇನ್ ಸಾಗರಕ್ಕೆ ಸಾಗರವೆಂದು ಹೆಸರಿಟ್ಟಿದ್ದೇವೆ. ಅಲ್ಲಿ ರಾತ್ರಿ ಹಡಗಿಗೆ ದಾರಿ ತೋರಿಸಬೇಕಾದ ಕೆಲಸ ಯಾರಿಗೂ ಇಲ್ಲ.

ಆ ಪ್ಲೇಟಿನ ಹಳೆಯದೊಂದು ಪ್ರತಿಯನ್ನು ಅಳಿಯಂದಿರು ಎಲ್ಲಿಂದಲೋ ಸಂಪಾದಿಸಿ ಕೊಟ್ಟರು. ಎರಡನೆಯದು ಒಹಾಯೋ ರಾಜ್ಯದ್ದು, ಯಾರದೋ ಮನೆಯ ಹಳೆಯ ಸಾಮಾನಿನ ಮಾರಾಟದಲ್ಲಿ ಸಿಕ್ಕಿತು. ಅದರ ಮೇಲಿರುವ ಮಾರ್ಬಲ್‌ಹೆಡ್ ದೀಪಸ್ತಂಭ 1822ರದು. ಅಲ್ಲಿಯ ಮಹಾಸರೋವರಗಳ ಅಮೆರಿಕದ ದಡದಲ್ಲಿ ಒಂದೂ ಕಾಲ ನಿಲ್ಲದೆ ಉರಿಯುತ್ತ ಬಂದವುಗಳಲ್ಲಿ ಅದೇ ಹಿರಿಯದು. ಮೂರನೆಯದು ಮಸಾಚುಸೆಟ್ಸಿನದು, 1996ರಲ್ಲಿ ಹೊರಟ ಮಾದರಿ. ನಾಲ್ಕನೆಯದು ಫ್ಲಾರಿಡದ್ದು, ಅದರ ಹಣ ಆ ರಾಜ್ಯದ ದೀಪಸ್ತಂಭಗಳ ರಕ್ಷಣೆಗೇ ಹೋಗುತ್ತದೆ.

ಐದನೆಯದರ ಕಥೆ ಸ್ವಲ್ಪ ದೊಡ್ಡದು. ಅದು ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ಪ್ಲಮ್ ಬೀಚ್ ದೀಪಸ್ತಂಭ. ಕೊಲ್ಲಿಯ ನೀರಿನ ನಡುವೆ ಒಂಟಿಯಾಗಿ ನಿಂತಿದೆ. 1938ರ ಚಂಡಮಾರುತದಲ್ಲಿ ಏಟು ತಿಂದಿತು. ಪಕ್ಕದಲ್ಲಿಯೇ ಸೇತುವೆ ಎದ್ದಿತು. ಸೇತುವೆಯ ದೀಪಗಳಿರುವಾಗ ಇದೇಕೆಂದು 1941ರಲ್ಲಿ ಇದರ ದೀಪ ಆರಿಸಿದರು. ಆಮೇಲೆ ಅರುವತ್ತು ವರ್ಷ ಪಾರಿವಾಳಗಳದೇ ರಾಜ್ಯ. ಕೊನೆಗೆ ಸುತ್ತಲಿನ ಜನ ತಾವೇ ಒಂದು ಸಂಘ ಕಟ್ಟಿ, ಮೊಕದ್ದಮೆ ಅರ್ಜಿ ಎಲ್ಲ ದಾಟಿ, 2003ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ದೀಪ ಹಚ್ಚಿದರು. ಮುಂದೆ ಸುಣ್ಣಬಣ್ಣದ ಖರ್ಚಿಗೆ ಏನು ಗತಿ? ಅದಕ್ಕೆ ಈ ನಂಬರ್ ಪ್ಲೇಟು. ನಮ್ಮ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಬರುವುದಿಲ್ಲವೇ, ಅದೇ ಕ್ರಮ. ಆದರೆ ರಸೀತಿಯನ್ನು ಕಾರಿನ ಹಿಂದೆ ಅಂಟಿಸಿಕೊಂಡು ಊರೆಲ್ಲ ತಿರುಗುತ್ತಾರೆ.

ಈ ಐದನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ತರುವಾಗ ವಿಮಾನ ನಿಲ್ದಾಣವೊಂದರಲ್ಲಿ ಪೆಟ್ಟಿಗೆ ಬಿಚ್ಚಿಸಿದರು. "ಇವು ಯಾವ ಕಾರಿನವು?" ಎಂದು ಅಧಿಕಾರಿ ಕೇಳಿದರು. "ಕಾರುಗಳಿಲ್ಲ, ಬರೀ ನಂಬರು" ಎಂದೆ. ಅವರು ನನ್ನನ್ನೂ ನನ್ನ ಹೆಂಡತಿಯನ್ನೂ ನೋಡಿದರು. ನನ್ನ ಹೆಂಡತಿ, ತನಗೂ ಈ ಮನುಷ್ಯನಿಗೂ ಸಂಬಂಧವಿಲ್ಲವೆಂಬಂತೆ ಬೇರೆ ಕಡೆ ನೋಡುತ್ತಿದ್ದಳು.

ಆ ದೇಶದ ಫಲಕಗಳ ವಿಷಯದಲ್ಲಿ ಇನ್ನೊಂದು ಮಾತು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿತು. ಮಿಶಿಗನ್ನು, ಒಹಾಯೋಗಳಲ್ಲಿ ನಂಬರು ಕಾರಿನದಲ್ಲ, ಒಡೆಯನದು. ಕಾರು ಮಾರಿದರೆ ಫಲಕ ಬಿಚ್ಚಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ, ಹೊಸ ಕಾರಿಗೆ ಹಾಕಿಸಿಕೊಳ್ಳುತ್ತಾನೆ. ನಮ್ಮಲ್ಲಿ ಸಾಮಾನ್ಯವಾಗಿ ನಂಬರು ಕಾರಿಗೆ ಅಂಟಿಕೊಂಡದ್ದು. ಮನುಷ್ಯ ಬದಲಾಗುತ್ತಾನೆ, ನಂಬರು ಕಾರಿನ ಜೊತೆಯಲ್ಲೇ ಗುಜರಿಗೆ ಹೋಗುತ್ತದೆ. ಆದರೆ ಕಾರು ರಾಜ್ಯ ಬಿಟ್ಟು ಬಂದರೆ? ವಲಸೆ ಬಂದವರಿಗೆ ಈ ಪ್ರಶ್ನೆಯ ಉತ್ತರ ಚೆನ್ನಾಗಿ ಗೊತ್ತು.

ನನ್ನ ಊರು ಕಾಪು. ಉಡುಪಿಯ ದಕ್ಷಿಣಕ್ಕೆ, ಮಂಗಳೂರಿನ ದಾರಿಯಲ್ಲಿ. ಮಾರಿಗುಡಿಗಳಿಗೂ ಲೈಟ್‌ಹೌಸಿಗೂ ಹೆಸರಾದ ಊರು. ಕಡಲಿಗೆ ಚಾಚಿದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಕಪ್ಪು ಬಿಳಿ ಪಟ್ಟೆಯ ಗೋಪುರ. ಬಾಲ್ಯದಲ್ಲಿ ರಾತ್ರಿ ಅಂಗಳದಲ್ಲಿ ಮಲಗಿದರೆ ತೆಂಗಿನ ಗರಿಗಳ ಮೇಲೆ ಆ ಬೆಳಕು ಹಾದುಹೋಗುವುದು ಕಾಣುತ್ತಿತ್ತು. ನಾವು ಎಣಿಸುತ್ತ ನಿದ್ದೆ ಹೋಗುತ್ತಿದ್ದೆವು.

1999ರಲ್ಲಿ ವರ್ಗವಾಗಿ ಹೈದರಾಬಾದಿಗೆ ಬಂದಾಗ ಉಡುಪಿಯಲ್ಲಿ ಕೊಂಡ ಬಿಳಿಯ ಮಾರುತಿ 800 ಕಾರನ್ನು ಜೊತೆಗೆ ತಂದೆ. ನಂಬರು ಕೆ.ಎ. 20. ಆಗ ಮಾದಾಪುರದಲ್ಲಿ ಬಂಡೆಗಲ್ಲುಗಳೂ ಸೈಬರ್ ಟವರ್ಸೂ ಮುಖಾಮುಖಿ ನಿಂತಿದ್ದವು. ಸೈಬರ್ ಟವರ್ಸ್ 1998ರಲ್ಲಿ ಆರಂಭವಾಗಿ ಒಂದೇ ವರ್ಷವಾಗಿತ್ತು. ರಾತ್ರಿ ದೂರದಿಂದ ಅದರ ದೀಪಗಳು ಕಂಡರೆ ಇದೂ ಒಂದು ಬಗೆಯ ಲೈಟ್‌ಹೌಸೇ ಎನಿಸುತ್ತಿತ್ತು. ಅದನ್ನು ನೋಡಿಕೊಂಡೇ ಅಲ್ಲವೇ ನಾಲ್ಕು ದಿಕ್ಕಿನ ಹುಡುಗರು ಇಲ್ಲಿಗೆ ಬಂದು ದಡ ಸೇರಿದ್ದು!

ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕು. ಉಡುಪಿಯಿಂದ ನಿರಾಕ್ಷೇಪಣ ಪತ್ರ ತರಿಸಿ, ಇಲ್ಲಿಯ ತೆರಿಗೆ ಕಟ್ಟಿ, 2000ದಲ್ಲಿ ಕಾರು ಎ.ಪಿ. 28 ಆಯಿತು. ನಂಬರು ಬರೆಯುವ ಪೇಂಟರು ಹಳೆಯ ತಗಡನ್ನೇ ಉಜ್ಜಿ ಅದರ ಮೇಲೆ ಹೊಸ ನಂಬರು ಬರೆಯುತ್ತೇನೆ, ನಿಮಗೆ ಹಣ ಉಳಿಯುತ್ತದೆ ಎಂದ. ಬೇಡವೆಂದು ಹೊಸ ತಗಡು ಹಾಕಿಸಿದೆ. ಕೆ.ಎ. 20ರ ತಗಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ. ಏಕೆ ತಂದೆನೆಂದು ಆಗ ಕೇಳಿದ್ದರೆ ಹೇಳಲು ನನಗೆ ತಿಳಿಯುತ್ತಿರಲಿಲ್ಲ. ಅದು ಅಟ್ಟದ ಮೇಲೆ ಹೋಯಿತು. ಕಾರು ಕೆಲವು ವರ್ಷಗಳ ಮೇಲೆ ಮಾರಿಹೋಯಿತು. 2018ರಲ್ಲಿ ಅಣ್ಣತಮ್ಮಂದಿರಲ್ಲಿ ಪಾಲಾಗಿ ಕಾಪುವಿನ ಮನೆಯೂ ಮಾರಿಹೋಯಿತು. ಆ ವರ್ಷ ಅಟ್ಟದಿಂದ ತಗಡನ್ನು ಇಳಿಸಿ ಒರೆಸಿದೆ. ಅಮೆರಿಕದ ಐದರ ನಡುವೆ ಮೊಳೆ ಹೊಡೆದು ತೂಗುಹಾಕಿದೆ. ಚಿತ್ರವಿಲ್ಲದ ಆರನೆಯ ಫಲಕ. ಊರಿನದೆಂದು ನನ್ನ ಹತ್ತಿರ ಉಳಿದಿದ್ದ ಸಾಮಾನು ಅದೊಂದೇ.

ಮಾದಾಪುರದ ರಸ್ತೆಯಲ್ಲಿ ಓಡಾಡುವ ಕನ್ನಡಿಗರಿಗೆ ಒಂದು ಕಣ್ಣಿನ ರೋಗವಿದೆ. ಎದುರಿಗೆ ಹೋಗುವ ಕಾರಿನ ಮಾದರಿ, ಬಣ್ಣ ಏನೂ ಕಾಣುವುದಿಲ್ಲ, ಕೆ.ಎ. ಎಂಬ ಎರಡು ಅಕ್ಷರ ಮಾತ್ರ ಕಾಣುತ್ತವೆ. ಆಮೇಲೆ ಅಂಕಿ. 09 ಎಂದರೆ ಮೈಸೂರಿನವರು, 25 ಧಾರವಾಡದವರು, 14 ಶಿವಮೊಗ್ಗೆಯವರು. ನಮ್ಮಲ್ಲಿ ಹೆಚ್ಚು ಕಾಣುವುದು ಬೀದರಿನ 38, ಕಲಬುರಗಿಯ 32, ರಾಯಚೂರಿನ 36. ಅವರನ್ನು ವಲಸೆಗಾರರೆನ್ನಲು ನನಗೆ ನಾಲಿಗೆ ಬರುವುದಿಲ್ಲ. 1956ರ ನವೆಂಬರ್ 1ರ ತನಕ ಈ ಮೂರು ಜಿಲ್ಲೆಗಳಿಗೂ ಇದೇ ರಾಜಧಾನಿ. ಅವರ ಅಜ್ಜಂದಿರು ಕೋರ್ಟು ಕಚೇರಿಯ ಕೆಲಸಕ್ಕೆ ಬರುತ್ತಿದ್ದ ಊರು ಇದು. ರಾಜ್ಯದ ಗೆರೆ ಸರಿಯಿತೇ ಹೊರತು ಜನ ಸರಿಯಲಿಲ್ಲ. ಬಸ್ಸುಗಳಲ್ಲಿಯೂ ಗುರುತುಂಟು: ಕರ್ನಾಟಕದ ಸಾರಿಗೆ ಬಸ್ಸಿನ ನಂಬರಿನಲ್ಲಿ ಇಂಗ್ಲಿಷಿನ ಎಫ್, ಇಲ್ಲಿಯವರ ಬಸ್ಸಿನಲ್ಲಿ ಝಡ್. ಸಿಗ್ನಲ್ಲಿನಲ್ಲಿ ಎಫ್ ಬಸ್ಸು ಪಕ್ಕಕ್ಕೆ ಬಂದರೆ ಬೋರ್ಡಿನ ಕನ್ನಡ ಅಕ್ಷರಗಳನ್ನು ಹಸಿದವನಂತೆ ಓದುತ್ತೇನೆ.

ಇನ್ನು ಇಲ್ಲಿಯ ನಂಬರುಗಳ ಕಥೆ. ನಾವು ಬಂದಾಗ ಎ.ಪಿ. 2014ರ ಜೂನಿನಲ್ಲಿ ತೆಲಂಗಾಣವಾದ ಮೇಲೆ ಹೊಸ ವಾಹನಗಳಿಗೆ ಟಿ.ಎಸ್. 2024ರ ಮಾರ್ಚಿನಿಂದ ಟಿ.ಜಿ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮೂರು ಬಗೆಯವೂ ಸಾಲಾಗಿ ನಿಂತಿವೆ. 2024ರ ಡಿಸೆಂಬರಿನಲ್ಲಿ ರಜೆಗೆ ಬಂದ ಮೊಮ್ಮಗ ಅದನ್ನು ನೋಡಿ, "ಅಜ್ಜಾ, ನೀವು ಮೂರು ಸಲ ಮನೆ ಬದಲಾಯಿಸಿದಿರಾ?" ಎಂದು ಕೇಳಿದ. ಇಲ್ಲ ಮಗೂ, ನಾವು ಕೂತಲ್ಲೇ ಕೂತಿದ್ದೇವೆ, ರಾಜ್ಯವೇ ನಮ್ಮ ಸುತ್ತ ಬದಲಾಯಿತು ಎಂದೆ. ಅವನಿಗೆ ಬಹಳ ನಗು ಬಂತು.

ಆ ಹುಡುಗನಿಗೆ ಒಂಬತ್ತು ವರ್ಷ. ಅವನಿಗೂ ನನ್ನ ಗೀಳು ಹತ್ತಿದೆ. ಅವನನ್ನು ಕಾಪುವಿಗೆ ಕರೆದುಕೊಂಡು ಹೋದೆ. ಸಂಜೆಯ ಹೊತ್ತು ಲೈಟ್‌ಹೌಸ್ ಹತ್ತಿಸಿದೆ. ಇಳಿದು ಬಂಡೆಯ ಮೇಲೆ ಕೂತು ಕತ್ತಲಾಗುವುದನ್ನೇ ಕಾದೆವು. ದೀಪ ತಿರುಗತೊಡಗಿದಾಗ ನನಗೆ ತಿಳಿದಷ್ಟನ್ನು ಹೇಳಿಕೊಟ್ಟೆ. ಒಂದೊಂದು ದೀಪಸ್ತಂಭಕ್ಕೂ ಮಿಂಚುವ ಲೆಕ್ಕ ಬೇರೆ ಬೇರೆ. ಒಂದು ಇಷ್ಟು ಸೆಕೆಂಡಿಗೊಮ್ಮೆ ಮಿಂಚಿದರೆ ಇನ್ನೊಂದು ಎರಡು ಸಲ ಮಿಂಚಿ ಬಿಡುವು ಕೊಡುತ್ತದೆ. ಹಡಗಿನವರ ಹತ್ತಿರ ಪಟ್ಟಿ ಇರುತ್ತದೆ. ಮಿಂಚು ಎಣಿಸಿ, ಇದು ಇಂಥ ಊರು ಎಂದು ತಿಳಿಯುತ್ತಾರೆ. ಹಗಲಿಗೆ ಗೋಪುರದ ಪಟ್ಟೆಗಳೇ ಗುರುತು. ಅಕ್ಕಪಕ್ಕದ ಎರಡು ಗೋಪುರಗಳು ಒಂದೇ ತೆರನಾಗಿದ್ದರೆ ಹಡಗಿನವರಿಗೆ ಮೋಸವಾಗುತ್ತದೆ.

"ಹಾಗಾದರೆ ಅದೇ ಲೈಟ್‌ಹೌಸಿನ ನಂಬರ್ ಪ್ಲೇಟು!" ಎಂದ ಹುಡುಗ.

ನಲವತ್ತು ವರ್ಷ ಲೆಕ್ಕ ಬರೆದ ನನಗೆ ಹೊಳೆಯದೆ ಇದ್ದದ್ದು ಅವನಿಗೆ ಹೊಳೆಯಿತು. ದೀಪಸ್ತಂಭ ಯಾರನ್ನೂ ಬಾ ಎಂದು ಕರೆಯುವುದಿಲ್ಲ. ಅದರ ಹತ್ತಿರ ಬಂದರೆ ಹಡಗು ಬಂಡೆಗೆ ಬಡಿಯುತ್ತದೆ. ನಾನು ಇಂಥವನು, ನನ್ನಿಂದ ನೀನು ಎಲ್ಲಿದ್ದೀಯೆಂದು ತಿಳಿದುಕೋ, ಮುಂದೆ ಸಾಗು ಎನ್ನುವುದಷ್ಟೇ ಅದರ ಕೆಲಸ. ಊರೂ ನಮಗೆ ಹಾಗೆಯೇ. ವಾಪಸು ಹೋಗಿ ನೆಲಸುತ್ತೇವೆಂದು ಹೇಳಿಕೊಂಡೇ ಇಪ್ಪತ್ತೈದು ವರ್ಷ ಕಳೆದೆವು. ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. ಆದರೂ ದಿಕ್ಕು ನೋಡಿಕೊಳ್ಳಲು ಅದು ಬೇಕು.

ಅಮೆರಿಕದ ಹ್ಯಾಟರಸ್ ಭೂಶಿರದಲ್ಲಿ 1870ರ ಒಂದು ದೀಪಸ್ತಂಭವಿದೆ. ಇಟ್ಟಿಗೆಯ ಗೋಪುರ, ತೂಕ ಸುಮಾರು 4,800 ಟನ್ನು. ಕಡಲು ಕೊರೆಯುತ್ತ ಕಾಲಬುಡಕ್ಕೆ ಬಂದಾಗ, 1999ರಲ್ಲಿ ಅದನ್ನು ಬುಡಸಮೇತ ಎತ್ತಿ, ಹಳಿಗಳ ಮೇಲೆ ಇಂಚಿಂಚಾಗಿ ಜರುಗಿಸಿ, 23 ದಿನಗಳಲ್ಲಿ 2,900 ಅಡಿ ದೂರಕ್ಕೆ ಒಯ್ದು ನಿಲ್ಲಿಸಿದರು. ನಾನು ಊರು ಬಿಟ್ಟ ವರ್ಷವೇ ಅದೂ ಸ್ಥಳ ಬಿಟ್ಟಿತು. ಆದರೆ ಏಳೂವರೆ ಸೆಕೆಂಡಿಗೊಮ್ಮೆ ಮಿಂಚುವ ಅದರ ಲೆಕ್ಕ ಬದಲಾಗಲಿಲ್ಲ. ಹೊಸ ಜಾಗದಲ್ಲಿ ನಿಂತೂ ತಾನು ಯಾರೆಂದು ಹೇಳುತ್ತಲೇ ಇದೆ. ಇದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಮೊಮ್ಮಗ ಹೊರಡುವ ಹಿಂದಿನ ರಾತ್ರಿ ಗೋಡೆಯ ಮೇಲಿನ ಕೆ.ಎ. 20ರ ತಗಡನ್ನು ತೋರಿಸಿ, "ಅಜ್ಜಾ, ಇದು ನನಗೆ ಬೇಕು" ಎಂದ. ನಾನು ತಟ್ಟನೆ ಉತ್ತರ ಕೊಡಲಿಲ್ಲ. ಬೇಕಾದರೆ ಅಮೆರಿಕದ ಐದನ್ನೂ ಕೊಡುತ್ತೇನೆಂದೆ. ಅವು ಅಲ್ಲಿ ಸಿಗುತ್ತವೆ, ಇದು ಸಿಗುವುದಿಲ್ಲ ಎಂದ. ವಾದ ಸರಿಯಾಗಿತ್ತು. ಅಡಿಗೆಮನೆಯಿಂದ ನನ್ನ ಹೆಂಡತಿ, "ನೀವು ಇನ್ನೆಷ್ಟು ವರ್ಷ ಅದನ್ನು ಕಾಯುತ್ತೀರಿ? ಆಮೇಲೆ ಅದನ್ನು ಗುಜರಿಯವನು ಒಯ್ಯುವುದೋ, ಹುಡುಗ ಒಯ್ಯುವುದೋ?" ಎಂದಳು. ಈ ಇಪ್ಪತ್ತೈದು ವರ್ಷದಲ್ಲಿ ಆ ತಗಡಿನ ಬಗ್ಗೆ ಅವಳು ಆಡಿದ ಮೊದಲನೆಯ ಮಾತು ಅದು. ಮೊಳೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿ, ಹುಡುಗನ ಪೆಟ್ಟಿಗೆಯಲ್ಲಿ ನಾನೇ ಇಟ್ಟೆ.

ಒಂದು ತಿಂಗಳ ಮೇಲೆ ಅಂಚೆಯಲ್ಲಿ ಎರಡು ರಟ್ಟುಗಳು ಬಂದವು. ಸರಿಯಾಗಿ 12 ಅಂಗುಲ, 6 ಅಂಗುಲ. ಒಂದರ ಮೇಲೆ ಕಪ್ಪು ಬಿಳಿ ಪಟ್ಟೆಯ ಕಾಪು ದೀಪಸ್ತಂಭ, ಪಕ್ಕದಲ್ಲಿ ಕೆ.ಎ. ೨೦ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದು. ಎರಡರ ಕೊಂಬು ಸ್ವಲ್ಪ ಸೊಟ್ಟವಾಗಿತ್ತು. ಇನ್ನೊಂದು ಅಳಿಯಂದಿರ ಊರು ರಾಯಚೂರಿನದು, ಕೆ.ಎ. ೩೬. ಅಲ್ಲಿಯ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ 41 ಅಡಿ ಉದ್ದದ ಒಂದೇ ಕಲ್ಲಿದೆ; ಆ ಕಲ್ಲನ್ನು ಕೋಣಗಳ ಸಾಲು ಕಟ್ಟಿದ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಹುಡುಗ ಆ ಬಂಡಿಯನ್ನೇ ಬರೆದಿದ್ದ. ಬಂಡಿಯ ಹಿಂದೆ ಒಂದು ಪುಟ್ಟ ನಂಬರ್ ಪ್ಲೇಟನ್ನೂ ಹಾಕಿದ್ದ! ಬರಿದಾಗಿದ್ದ ಮೊಳೆಗೆ ಒಂದನ್ನು ತೂಗುಹಾಕಿದೆ; ಇನ್ನೊಂದಕ್ಕೆ ನನ್ನ ಹೆಂಡತಿಯೇ ಮೊಳೆ ಹುಡುಕಿ ಕೊಟ್ಟಳು.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ಈ ಸಲದ ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರಸ್ಪರ್ಧೆ ಇಡುವಾಗ ಸೂರ್ಯೋದಯ, ತೆಂಗಿನ ಮರ, ದೋಣಿಗಳನ್ನು ಒಂದು ವರ್ಷ ಪಕ್ಕಕ್ಕಿಡೋಣ. ಒಬ್ಬೊಬ್ಬ ಮಗುವಿಗೂ 12 ಅಂಗುಲ, 6 ಅಂಗುಲದ ಒಂದು ರಟ್ಟು ಕೊಡೋಣ. ಅಪ್ಪನ ಊರಿನದೋ ಅಮ್ಮನ ಊರಿನದೋ ನಂಬರನ್ನು ಕನ್ನಡದಲ್ಲಿ ಬರೆದು, ಆ ಊರಿನ ಗುರುತು ಯಾವುದೋ ಅದನ್ನು ಚಿತ್ರಿಸಲಿ. ಬೀದರಿನ ಮಗು ಬಿದರಿಯ ಹೂಜಿ ಬರೆಯಲಿ, ಗದುಗಿನ ಮಗು ಮುದ್ರಣಾಲಯ ಬರೆಯಲಿ, ಮಂಡ್ಯದ ಮಗು ಕಬ್ಬು ಬರೆಯಲಿ. ಊರಿನ ಗುರುತೇನೆಂದು ತಿಳಿಯದ ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಬೇಕಾಗುತ್ತದೆ. ಆ ಸಂಜೆ ಮನೆಯಲ್ಲಿ ಒಂದಿಷ್ಟು ಮಾತು ನಡೆಯುತ್ತದೆ. ರಟ್ಟುಗಳ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ.